ಸುತ್ತಿಗೆಯಿಲ್ಲದ ಮನೆ

ನಮ್ಮ ನಗರಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಗೃಹಸ್ಥರು, ತೇಗದ ಬಾಗಿಲಿಗೂ ನುಣುಪಾದ ನೆಲಹಾಸಿಗೂ ಅಡುಗೆಮನೆಯ ಕಪಾಟುಗಳಿಗೂ ಲಕ್ಷೋಪಲಕ್ಷ ದ್ರವ್ಯವನ್ನು ವೆಚ್ಚಮಾಡಿ, ಗೃಹಪ್ರವೇಶದ ಹೋಮವನ್ನು ಶಾಸ್ತ್ರೋಕ್ತವಾಗಿ ನೆರವೇರಿಸಿ, ಬಂಧುಮಿತ್ರರಿಗೆ ಊಟವಿಕ್ಕಿ ಕಳುಹಿಸಿದ ತರುವಾಯ, ದೇವರ ಪಟವೊಂದನ್ನು ತೂಗುಹಾಕಲು ಮೊಳೆ ಹೊಡೆಯಬೇಕಾಗಿ ಬಂದಾಗ, ಇಡೀ ಮನೆಯಲ್ಲಿ ಒಂದು ಸುತ್ತಿಗೆಯೂ ಇಲ್ಲವೆಂಬುದನ್ನು ಕಂಡುಕೊಳ್ಳುತ್ತಾರೆ. ಇದನ್ನು ಲಘುವಾದ ವಿಷಯವೆಂದು ನಾನು ಎಣಿಸಲಾರೆ. ನಲ್ಲಿಯಲ್ಲಿ ನೀರು ಹೇಗೆ ನಿಲ್ಲುತ್ತದೆ, ಬಾಗಿಲು ಯಾವುದರ ಮೇಲೆ ತಿರುಗುತ್ತದೆ, ಗೋಡೆಯೊಳಗೆ ವಿದ್ಯುತ್ತಿನ ತಂತಿ ಯಾವ ಹಾದಿಯಲ್ಲಿ ಸಾಗುತ್ತದೆ ಎಂಬುದೊಂದನ್ನೂ ಅರಿಯದವನು, ಪತ್ರದ ಪ್ರಕಾರ ಮನೆಯ ಒಡೆಯನಾಗಿದ್ದರೂ, ಆ ಮನೆಯಲ್ಲಿ ಅತಿಥಿಯಂತೆ ಬಾಳುತ್ತಾನೆ. ಆದಕಾರಣ ಪ್ರತಿಯೊಂದು ಮನೆಯಲ್ಲಿಯೂ, ಒಮ್ಮೆಲೇ ಕೊಂಡು ತಂದದ್ದಲ್ಲದೆ, ಅಗತ್ಯವನ್ನನುಸರಿಸಿ ಒಂದೊಂದಾಗಿ ಬೆಳೆದ ಚಿಕ್ಕದೊಂದು ಉಪಕರಣಸಂಗ್ರಹವು ಇರತಕ್ಕದ್ದೆಂದು ನಾನು ಬಲವಾಗಿ ನಂಬಿದ್ದೇನೆ.

ಈ ಅಭಾವಕ್ಕೆ ಕಾರಣವು ನಮ್ಮ ಸಮಾಜದ ಇತಿಹಾಸದಲ್ಲಿಯೇ ಉಂಟು. ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ಬಡಗಿ, ಕಮ್ಮಾರ ಮೊದಲಾದವರು ಆಯಗಾರರೆನಿಸಿ, ವರ್ಷವಿಡೀ ಊರವರ ನೇಗಿಲು, ಕುಂಟೆ, ಗಾಡಿ, ಬಾಗಿಲುಗಳನ್ನು ಸರಿಪಡಿಸಿಕೊಟ್ಟು, ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು. ಆಗಲೂ ಒಕ್ಕಲಿನ ಮನೆಯಲ್ಲಿ ಕೊಡಲಿ, ಬಾಚಿ, ಉಳಿ, ಬೈರಿಗೆ, ಹಾರೆಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅಕ್ಷರಸ್ಥರ ಮನೆಗಳಲ್ಲಿ. ಲೇಖನಿ ಹಿಡಿದ ಕೈ ಉಳಿ ಹಿಡಿಯಲಾಗದು, ಅದು ಬೇರೊಂದು ಕುಲದ ಕಸುಬು ಎಂಬ ಭಾವನೆಯು ತಲೆಮಾರುಗಳ ಕಾಲ ನಮ್ಮಲ್ಲಿ ನೆಲೆಗೊಂಡು, ಇಂದು ಆ ಕುಲಭೇದವನ್ನು ಬಾಯಲ್ಲಿ ನಿರಾಕರಿಸುವ ವಿದ್ಯಾವಂತರ ಕೈಗಳನ್ನೂ ಬಿಟ್ಟುಹೋಗಿಲ್ಲ. ಮಹಾನವಮಿಯ ದಿನ ಆಯುಧಗಳಿಗೆ ಅರಿಸಿನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಬೂದುಗುಂಬಳವನ್ನು ಒಡೆದು ನಮಸ್ಕರಿಸುವ ನಾವು, ಮಿಕ್ಕ ದಿನಗಳಲ್ಲಿ ಅವನ್ನು ಮುಟ್ಟಲು ಸಂಕೋಚಪಡುವುದು ಆ ಹಬ್ಬಕ್ಕೆ ಸಲ್ಲಿಸುವ ಗೌರವವಲ್ಲ.

ಈಗ ಅಂಗಡಿಗಳಲ್ಲಿ ನೂರಾರು ಬಿಡಿಭಾಗಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಅಂದವಾಗಿ ಜೋಡಿಸಿ, ಇದೊಂದಿದ್ದರೆ ಸಕಲವೂ ಇದ್ದಂತೆ ಎಂದು ಮಾರುವ ಪದ್ಧತಿಯು ಬೆಳೆದಿದೆ. ಹೊಸಬರಿಗೆ ಅದು ಆಕರ್ಷಕವಾಗಿ ಕಾಣುವುದು ಸಹಜವೇ. ಆದರೆ ಅಂಥ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸಂಖ್ಯೆಯು ಹೆಚ್ಚಿದಷ್ಟೂ ಉಕ್ಕಿನ ಗುಣವು ಕುಂದಿರುತ್ತದೆ. ಮೆತ್ತನೆಯ ಉಕ್ಕಿನ ಸ್ಕ್ರೂಡ್ರೈವರು ಬಿಗಿಯಾದ ಸ್ಕ್ರೂವಿನೊಡನೆ ಸೆಣಸಿದೊಡನೆ ತನ್ನ ತುದಿಯನ್ನು ಕಳೆದುಕೊಳ್ಳುವುದಲ್ಲದೆ, ಸ್ಕ್ರೂವಿನ ತಲೆಯನ್ನೂ ಸವೆಯಿಸಿ, ಸುಲಭವಾಗಿದ್ದ ಕಾರ್ಯವನ್ನು ಅಸಾಧ್ಯಗೊಳಿಸುತ್ತದೆ. ಅದೇ ಹಣದಲ್ಲಿ ಒಳ್ಳೆಯ ಉಪಕರಣಗಳನ್ನು ಎರಡು ಮೂರು ಮಾತ್ರ ಕೊಂಡರೆ ಅವು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತವೆ.

ಹಾಗಾದರೆ ಯಾವುದನ್ನು ಮೊದಲು ಕೊಳ್ಳಬೇಕು? ಇದಕ್ಕೆ ಉತ್ತರವನ್ನು ಮನೆಯೇ ಹೇಳುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಬಾಗಿಲುಗಳು ಬಿಗಿದುಕೊಳ್ಳುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಮರವು ತೇವವನ್ನು ಹೀರಿದಾಗ ಅದರ ಎಳೆಗಳ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಅಧಿಕ. ಹೀಗಾಗಿ ಬಾಗಿಲಿನ ಅಗಲವು ಬೆಳೆದು ಅಂಚು ಚೌಕಟ್ಟಿಗೆ ಉಜ್ಜುತ್ತದೆ. ಆತುರಗೊಂಡು ಉಜ್ಜುಗೊರಡಿನಿಂದ ಧಾರಾಳವಾಗಿ ಹೆರೆದುಬಿಟ್ಟರೆ, ಬೇಸಗೆಯಲ್ಲಿ ಮರವು ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬೀಳುವುದು. ವಿವೇಕಿಯಾದವನು ಮೊದಲು ತಿರುಗಣಿಯ ಸ್ಕ್ರೂಗಳನ್ನು ಪರೀಕ್ಷಿಸುತ್ತಾನೆ. ಅನೇಕ ವೇಳೆ ಮೇಲಿನ ತಿರುಗಣಿಯು ಸಡಿಲಗೊಂಡು ಬಾಗಿಲು ಜಗ್ಗಿರುವುದೇ ದೋಷದ ಮೂಲವಾಗಿರುತ್ತದೆ. ಅಂಥಲ್ಲಿ ಬೇಕಾದದ್ದು ಉಜ್ಜುಗೊರಡಲ್ಲ, ಸ್ಕ್ರೂಡ್ರೈವರು ಮಾತ್ರ. ಸ್ಕ್ರೂವಿನ ರಂಧ್ರವು ದೊಡ್ಡದಾಗಿ ಹಿಡಿತ ತಪ್ಪಿದ್ದರೆ, ಮರದ ಸಣ್ಣ ಕಡ್ಡಿಯೊಂದಕ್ಕೆ ಅಂಟು ಸವರಿ ಅದರೊಳಗೆ ತುಂಬಿ, ಅಂಟು ಒಣಗಿದ ಮೇಲೆ ಮತ್ತೆ ಸ್ಕ್ರೂವನ್ನು ಬಿಗಿಯಬಹುದು. ಇಷ್ಟಾದರೂ ಬಾಗಿಲು ಉಜ್ಜುತ್ತಲೇ ಇದ್ದರೆ, ಅಂಚಿಗೆ ಸೀಮೆಸುಣ್ಣವನ್ನು ಬಳಿದು, ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದು, ತಗಲುವ ಸ್ಥಳವನ್ನಷ್ಟೇ ಗುರುತಿಸಿ, ಆಗ ತೆಳುವಾಗಿ ಹೆರೆದು, ಹೆರೆದೆಡೆಗೆ ತೇವವು ಮತ್ತೆ ಹೊಗದಂತೆ ವಾರ್ನಿಷನ್ನೋ ಬಣ್ಣವನ್ನೋ ಹಚ್ಚತಕ್ಕದ್ದು. ಉಜ್ಜುಗೊರಡನ್ನು ಕೊಳ್ಳಬೇಕಾದ ದಿನ ಅದು, ಅದಕ್ಕಿಂತ ಮೊದಲಲ್ಲ.

ಸ್ಕ್ರೂಡ್ರೈವರೆಂದಾಗಲೂ ಒಂದು ಸಾಲದು. ನೇರವಾದ ಸೀಳಿನ ಸ್ಕ್ರೂವಿಗೆ ಸೀಳಿನ ಅಗಲಕ್ಕೆ ಸರಿಹೊಂದುವ ತುದಿಯೇ ಬೇಕು. ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬಾತನು 1936ರಲ್ಲಿ ಪೇಟೆಂಟ್ ಪಡೆದ ಅಡ್ಡಗೀಟಿನ ಸ್ಕ್ರೂ ಇಂದು ಎಲ್ಲೆಡೆಯೂ ಹಬ್ಬಿದೆ. ಅದರ ತುದಿಗಳಿಗೆ ಕ್ರಮಸಂಖ್ಯೆಗಳಿದ್ದು, ಮನೆಗೆಲಸದಲ್ಲಿ ಬಹುತೇಕ ಬೇಕಾಗುವುದು ಎರಡನೆಯ ಸಂಖ್ಯೆಯದು. ಚಿಕ್ಕ ತುದಿಯನ್ನು ದೊಡ್ಡ ತಲೆಗೆ ಹಾಕಿ ತಿರುಗಿಸುವುದೇ ಸ್ಕ್ರೂಗಳು ಹಾಳಾಗುವುದಕ್ಕೆ ಪ್ರಧಾನ ಕಾರಣ.

ತೊಟ್ಟಿಕ್ಕುವ ನಲ್ಲಿಯೂ ಉತ್ತಮವಾದ ಗುರುವೇ. ತಿರುಗಿಸಿ ತಿರುಗಿಸಿ ಮುಚ್ಚುವ ಹಳೆಯ ಬಗೆಯ ನಲ್ಲಿಯೊಳಗೆ ರಬ್ಬರಿನ ವಾಷರೊಂದಿದ್ದು, ಅದು ಸವೆದಾಗ ನೀರು ಜಿನುಗುತ್ತದೆ. ಮೊದಲು ಗೇಟ್‌ವಾಲ್ವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ನೀರನ್ನು ಬಸಿದು, ಸ್ಕ್ರೂ ಸ್ಪ್ಯಾನರಿನಿಂದ ನಲ್ಲಿಯ ತಲೆಯನ್ನು ಬಿಚ್ಚಿ, ಹಳೆಯ ವಾಷರನ್ನು ತೆಗೆದು ಹೊಸದನ್ನು ಕೂರಿಸುವುದು ಹನ್ನೆರಡು ವರ್ಷ ವಯಸ್ಸಿನ ಹುಡುಗಿಯೂ ಕಲಿಯಬಹುದಾದ ಕೆಲಸ. ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ನಲ್ಲಿಗಳಲ್ಲಿ ವಾಷರಿನ ಸ್ಥಾನದಲ್ಲಿ ಪಿಂಗಾಣಿಯ ಬಿಲ್ಲೆಗಳಿರುವುದರಿಂದ ಒಳಭಾಗವನ್ನು ಸಮಗ್ರವಾಗಿ ಬದಲಿಸಬೇಕಾಗುತ್ತದೆ. ನಲ್ಲಿಯ ತಿರುಪಿನ ಮರೆಯ ಮೇಲೆ ಟೆಫ್ಲಾನ್ ಟೇಪನ್ನು ಸುತ್ತುವಾಗ ಅದನ್ನು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತತಕ್ಕದ್ದು. ವಿರುದ್ಧವಾಗಿ ಸುತ್ತಿದರೆ ಬಿಗಿಯುತ್ತ ಹೋದಂತೆ ಟೇಪು ಸುರುಳಿಯಾಗಿ ಹೊರಗೆ ಬಂದುಬಿಡುವುದು.

ಗೋಡೆಯನ್ನು ಕೊರೆಯುವ ವಿದ್ಯುತ್ ಡ್ರಿಲ್ಲಿನ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಮ್ಮ ಹಿರಿಯರು ಗೋಡೆಯಲ್ಲಿ ಉಳಿಯಿಂದ ಚೌಕವಾದ ಗುಳಿಯನ್ನು ಕಡೆದು, ಮರದ ಗಟ್ಟವನ್ನು ಬಡಿದು, ಗಾರೆಯಿಂದ ಮೆತ್ತಿ, ಆ ಮರಕ್ಕೆ ಮೊಳೆ ಹೊಡೆಯುತ್ತಿದ್ದರು. 1911ರ ಸುಮಾರಿನಲ್ಲಿ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಎಂಬಾತನು ನಾರಿನಿಂದ ಮಾಡಿದ ಸಣ್ಣ ಬಿರಡೆಯೊಂದನ್ನು ರೂಪಿಸಿದನು. ಕಿರಿದಾದ ರಂಧ್ರದೊಳಗೆ ಅದನ್ನಿಟ್ಟು ಸ್ಕ್ರೂವನ್ನು ಬಿಗಿದರೆ ಬಿರಡೆಯು ಉಬ್ಬಿ ಗೋಡೆಯನ್ನು ಗಟ್ಟಿಯಾಗಿ ಹಿಡಿಯುವುದು. ಇಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಪ್ಲಗ್ಗು ಅದರ ಸಂತತಿಯೇ. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು ಪಿಸ್ತೂಲಿನಂಥ ಹಿಡಿಯೂ ಬೆರಳಿನಿಂದ ಒತ್ತುವ ಗುಂಡಿಯೂ ಇದ್ದ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. ಎರಡನೆಯ ಮಹಾಯುದ್ಧವು ಮುಗಿದೊಡನೆ, 1946ರಲ್ಲಿ, ಕಾರ್ಖಾನೆಯ ಆ ಯಂತ್ರವನ್ನು ಸಾಮಾನ್ಯ ಗೃಹಸ್ಥನಿಗೆ ಎಟುಕುವ ಬೆಲೆಯಲ್ಲಿ ಮನೆಯೊಳಕ್ಕೆ ತಂದಿತು. ಇಟ್ಟಿಗೆ ಮತ್ತು ಕಾಂಕ್ರೀಟುಗಳಿಗೆ ಸುತ್ತುವುದರೊಂದಿಗೆ ಬಡಿಯುವ ವ್ಯವಸ್ಥೆಯೂ ಕಾರ್ಬೈಡ್ ತುದಿಯ ಬಿಟ್ಟೂ ಬೇಕು. ಮರಕ್ಕೆ ಬಡಿತವನ್ನು ನಿಲ್ಲಿಸಿ ಬೇರೆ ಬಿಟ್ಟನ್ನು ಹಾಕಬೇಕು. ಆರು ಮಿಲಿಮೀಟರಿನ ಪ್ಲಗ್ಗಿಗೆ ಆರು ಮಿಲಿಮೀಟರಿನದೇ ರಂಧ್ರ. ಕರಾವಳಿಯ ಮುರಕಲ್ಲಿನ ಗೋಡೆಯು ಒಂದೆಡೆ ಮೆದುವಾಗಿ ಒಂದೆಡೆ ಗಟ್ಟಿಯಾಗಿರುವುದರಿಂದ ಅಲ್ಲಿ ಉದ್ದನೆಯ ಪ್ಲಗ್ಗೇ ಲೇಸು. ಸ್ವಿಚ್‌ಬೋರ್ಡಿನ ನೇರ ಮೇಲಕ್ಕಾಗಲಿ ಕೆಳಕ್ಕಾಗಲಿ ಕೊರೆಯುವುದು ಪ್ರಾಣಾಪಾಯಕರ, ಏಕೆಂದರೆ ಗೋಡೆಯೊಳಗಿನ ತಂತಿಯ ಕೊಳವೆಯು ಪ್ರಾಯಶಃ ಅದೇ ರೇಖೆಯಲ್ಲಿ ಇಳಿದಿರುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಡ್ರಿಲ್ಲಿನ ಗುಂಡಿಯನ್ನು ಒತ್ತಲೇಬಾರದು.

ವಿದ್ಯುತ್ತಿನ ವಿಷಯದಲ್ಲಿ ನನ್ನ ಉತ್ಸಾಹವು ಒಂದು ಗೆರೆಯಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪ್ರವಾಹ; ಅದು ಅಜ್ಞಾನವನ್ನು ಕ್ಷಮಿಸುವುದಿಲ್ಲ. ನಿಯಾನ್ ದೀಪವಿರುವ ಟೆಸ್ಟರು ಪ್ರತಿ ಮನೆಯಲ್ಲಿಯೂ ಇರಲಿ, ಆದರೆ ಪ್ರವಾಹವಿದೆಯೆಂದು ನಿಶ್ಚಿತವಾಗಿ ತಿಳಿದ ಕಡೆಯಲ್ಲಿ ಅದನ್ನು ಮೊದಲು ಪರೀಕ್ಷಿಸಿ, ಅನಂತರ ಸಂಶಯವಿರುವಲ್ಲಿ ಇಟ್ಟು, ಪುನಃ ಮೊದಲಿನ ಕಡೆಯಲ್ಲಿ ಪರೀಕ್ಷಿಸಿದ ಹೊರತು ಅದರ ಮಾತನ್ನು ನಂಬಲಾಗದು. ಸ್ವಿಚ್ಚನ್ನು ಫೇಸ್ ತಂತಿಗೆ ಜೋಡಿಸುವ ಬದಲು ನ್ಯೂಟ್ರಲ್ಲಿಗೆ ಜೋಡಿಸಿದ ಮನೆಗಳುಂಟು; ಅಲ್ಲಿ ಸ್ವಿಚ್ಚನ್ನು ಆರಿಸಿದರೂ ಬಲ್ಬಿನ ಹೋಲ್ಡರಿನಲ್ಲಿ ಪ್ರವಾಹವು ಕಾದುಕೊಂಡೇ ಇರುತ್ತದೆ. ಆದುದರಿಂದ ಬಲ್ಬನ್ನು ಬದಲಿಸುವುದೂ ಸೇರಿದಂತೆ ಯಾವ ಕಾರ್ಯಕ್ಕೂ ಮುಖ್ಯ ಸ್ವಿಚ್ಚನ್ನೇ ಆರಿಸತಕ್ಕದ್ದು. ಕಟಿಂಗ್ ಪ್ಲೇಯರಿನ ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಅದು ರಕ್ಷಣೆಯಲ್ಲ. 1000 ವೋಲ್ಟಿಗೆ ಪರೀಕ್ಷಿತವೆಂಬ ಗುರುತಿರುವುದನ್ನೇ ಕೊಳ್ಳಬೇಕು. ಹೊಸ ತಂತಿಯೆಳೆಯುವುದು, ಗೀಸರಿನ ಜೋಡಣೆ, ಅಡುಗೆ ಅನಿಲದ ಕೊಳವೆ ಇವು ಬಲ್ಲವರ ಕೆಲಸ, ಅವರಿಗೇ ಬಿಡತಕ್ಕದ್ದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಎಲ್ಲರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರೆ ಬಡಗಿಯೂ ಪ್ಲಂಬರನೂ ಎಲೆಕ್ಟ್ರಿಷಿಯನ್ನನೂ ಹೇಗೆ ಬದುಕಬೇಕು ಎಂದು ಕೇಳುವವರಿದ್ದಾರೆ. ನಾನು ಕಂಡದ್ದು ಇದಕ್ಕೆ ವಿಪರೀತವಾದದ್ದು. ಒಮ್ಮೆಯಾದರೂ ತನ್ನ ಕೈಯಿಂದ ಹ್ಯಾಕ್ಸಾ ಹಿಡಿದು, ಬ್ಲೇಡಿನ ಹಲ್ಲುಗಳು ಹಿಡಿಯಿಂದ ಆಚೆಗೆ ಮುಖಮಾಡಿರಬೇಕೆಂಬುದನ್ನು ತಿಳಿದು, ಕೊಳವೆಯೊಂದನ್ನು ಓರೆಯಾಗದಂತೆ ಕೊಯ್ಯಲು ಯತ್ನಿಸಿದವನಿಗೆ, ನುರಿತ ಕುಶಲಕರ್ಮಿಯು ಗೀಟನ್ನೂ ಎಳೆಯದೆ ಕ್ಷಣದಲ್ಲಿ ಕೊಯ್ದು ಮುಗಿಸುವುದು ಏನೆಂಬುದು ಅರ್ಥವಾಗುತ್ತದೆ. ಅಂಥವನು ಕೂಲಿಯಲ್ಲಿ ಚೌಕಾಸಿ ಮಾಡುವುದನ್ನು ಬಿಡುತ್ತಾನೆ. ಗಾರೆಯವರು ಪಾರದರ್ಶಕವಾದ ಕೊಳವೆಯಲ್ಲಿ ನೀರು ತುಂಬಿ ಎರಡು ದೂರದ ಗೋಡೆಗಳ ಮಟ್ಟವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿಯುವ ಕ್ರಮವನ್ನು ಹತ್ತಿರ ನಿಂತು ನೋಡಿ ಕಲಿಯಿರಿ. ನನ್ನ ದೃಷ್ಟಿಯಲ್ಲಿ ಅದು ಯಾವ ಬೆಲೆಬಾಳುವ ಉಪಕರಣಕ್ಕೂ ಕಡಮೆಯಲ್ಲ. ಕೆಲಸಕ್ಕೆ ಬಂದ ಬಡಗಿಯನ್ನು "ಯಜಮಾನರೇ, ಈ ಉಳಿಯನ್ನು ಹೇಗೆ ಮಸೆಯುತ್ತೀರಿ?" ಎಂದು ಆದರದಿಂದ ಕೇಳಿದರೆ ಹೇಳಿಕೊಡಲೊಲ್ಲದವರು ವಿರಳ.

ಶಾಲೆಗಳು ಈ ಕಾರ್ಯದಲ್ಲಿ ಹಿಂದೆಗೆದುದು ನನಗೆ ಅತೀವ ಖೇದದ ಸಂಗತಿ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆಯನ್ನು ಕಲಿಸುವ ಯೋಜನೆಯನ್ನು ದೇಶದ ಮುಂದಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯು ಹುಟ್ಟಿತು. ಆ ಇಬ್ಬರ ಮಾರ್ಗಗಳು ಬಹುಮಟ್ಟಿಗೆ ಭಿನ್ನವಾಗಿದ್ದರೂ ಕೈಗೆ ಶಿಕ್ಷಣವು ಬೇಕೆಂಬುದರಲ್ಲಿ ಇಬ್ಬರಿಗೂ ಸಂದೇಹವಿರಲಿಲ್ಲ. ಇಂದು ಹತ್ತನೆಯ ತರಗತಿಯಲ್ಲಿ ಓಮನ ನಿಯಮವನ್ನು ಒಪ್ಪಿಸುವ ಮಕ್ಕಳಲ್ಲಿ ಎಷ್ಟೋ ಮಂದಿ ಪ್ಲಗ್ಗೊಂದನ್ನು ಬಿಚ್ಚಿ ನೋಡಿದವರಲ್ಲ.

ಕೊಂಡದ್ದನ್ನು ಕಾಪಾಡುವ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಪ್ಪಿನ ಗಾಳಿಯ ಊರುಗಳಲ್ಲಿ ಉಕ್ಕನ್ನು ಒರಸಿ ತೆಳುವಾಗಿ ಮೆಷೀನ್ ಎಣ್ಣೆ ಸವರಿಡಬೇಕು, ಉಳಿಯನ್ನು ಸಾಣೆಕಲ್ಲಿನ ಮೇಲೆ ಮಸೆದೇ ಒಳಗಿಡಬೇಕು, ಸುತ್ತಿಗೆಯ ಕಾವು ಸಡಿಲಾದರೆ ಬಳಸಲೇಬಾರದು.

ಎಲ್ಲವನ್ನೂ ಎಲ್ಲರೂ ಕೊಳ್ಳಬೇಕೆಂಬುದೂ ನನ್ನ ಅಭಿಪ್ರಾಯವಲ್ಲ. ವರ್ಷದಲ್ಲಿ ಕೆಲವೇ ನಿಮಿಷ ತಿರುಗುವ ಡ್ರಿಲ್ಲನ್ನು ಒಂದೇ ಕಟ್ಟಡದ ನಲವತ್ತು ಮನೆಯವರು ಪ್ರತ್ಯೇಕವಾಗಿ ಕೊಂಡು ಅಟ್ಟದ ಮೇಲಿಡುವುದು ಸಂಪತ್ತಿನ ಅಪವ್ಯಯ. ಸುತ್ತಿಗೆ, ಸ್ಕ್ರೂಡ್ರೈವರು, ಪ್ಲೇಯರು, ಟೆಸ್ಟರು, ಅಳತೆಯ ಟೇಪು ಇವು ಪ್ರತಿ ಮನೆಯ ಸ್ವತ್ತಾಗಿರಲಿ. ಭಾರವಾದವೂ ಬೆಲೆಯುಳ್ಳವೂ ಬಡಾವಣೆಯ ಅಥವಾ ವಸತಿಸಮುಚ್ಚಯದ ಸಂಘದ ಸ್ವತ್ತಾಗಿರಲಿ. ಸಂಘದ ಕಚೇರಿಯಲ್ಲಿ ಬೀಗವುಳ್ಳ ಬೀರುವೊಂದನ್ನಿಟ್ಟು, ಒಯ್ದವರ ಹೆಸರನ್ನೂ ಹಿಂದಿರುಗಿಸುವ ದಿನವನ್ನೂ ಬರೆಯಲು ಪುಸ್ತಕವೊಂದನ್ನು ತೆರೆದು, ಸಣ್ಣದೊಂದು ಠೇವಣಿಯನ್ನು ಪಡೆದು, ಅದೇ ಬಡಾವಣೆಯಲ್ಲಿ ದುಡಿಯುವ ಎಲೆಕ್ಟ್ರಿಷಿಯನ್ನರನ್ನೋ ಬಡಗಿಯವರನ್ನೋ ತಿಂಗಳಿಗೊಂದು ಭಾನುವಾರ ಯೋಗ್ಯವಾದ ಗೌರವಧನವಿತ್ತು ಕರೆದು, ಗಂಡು ಹೆಣ್ಣೆಂಬ ಭೇದವಿಲ್ಲದೆ ಬಂದವರೆಲ್ಲರಿಗೂ ಬಳಕೆಯನ್ನು ಕಲಿಸುವ ವ್ಯವಸ್ಥೆಯನ್ನು ಮಾಡುವುದಕ್ಕೆ ಸರ್ಕಾರದ ಆಜ್ಞೆಯೂ ಬೇಡ, ಅನುದಾನವೂ ಬೇಡ. ಮೊದಲ ವರ್ಷಕ್ಕೆ ಒಂದು ಏಣಿ, ಒಂದು ಡ್ರಿಲ್ಲು, ಒಂದು ಪೈಪ್ ರೆಂಚು ಇಷ್ಟಿದ್ದರೆ ಸಾಕು. ಅನಂತರ ಏನನ್ನು ಕೊಳ್ಳಬೇಕೆಂಬುದನ್ನು, ನಿವಾಸಿಗಳು ಕೇಳಿ ದೊರೆಯದೆ ಹೋದವುಗಳ ಪಟ್ಟಿಯನ್ನು ಅದೇ ಪುಸ್ತಕದ ಕಡೆಯ ಹಾಳೆಯಲ್ಲಿ ಬರೆದಿಟ್ಟು, ಸಂಘದ ವಾರ್ಷಿಕ ಸಭೆಯಲ್ಲಿ ಓದಿ ನಿರ್ಧರಿಸಬಹುದು.