ಸೋಮಾರಿತನವೆಂಬ ಸಸ್ಪೆನ್ಸ್ ಖಾತೆ

"ಫೋನ್ ಮಾಡಬೇಕೆಂದಿದ್ದೆ, ಸೋಮಾರಿತನ ನೋಡಿ!" ಹೀಗೆಂದು ನಕ್ಕುಬಿಡುವುದು ಇಂದು ಶಿಷ್ಟಾಚಾರವೇ ಆಗಿದೆ. ಹಿರಿಯರಿಗೆ ದೋಷವಾಗಿದ್ದುದು ನಮಗೆ ನೆಪವಾಗಿದೆ. ತಪ್ಪನ್ನು ತಾನೇ ಒಪ್ಪಿಕೊಂಡವನನ್ನು ಯಾರೂ ಮುಂದೆ ಪ್ರಶ್ನಿಸರು. ಅವನೂ ತನ್ನನ್ನು ಪ್ರಶ್ನಿಸಿಕೊಳ್ಳನು.

ಬ್ಯಾಂಕಿನಲ್ಲಿ ಯಾವ ಲೆಕ್ಕಕ್ಕೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಬೇಗನೆ ಶೋಧಿಸಿ ಇತ್ಯರ್ಥಗೊಳಿಸದಿದ್ದರೆ ಆಡಿಟರು ಬಿಡುವುದಿಲ್ಲ. ಸೋಮಾರಿತನವೂ ಅಂಥದೇ ಒಂದು ಖಾತೆ. ಬಂಧುಗಳಲ್ಲಿ ಕ್ಷೀಣಿಸಿದ ಆದರ, ಲೋಕಲ್ ರೈಲಿನ ದಣಿವು, ದೇಹದಲ್ಲಡಗಿದ ರೋಗ, ಎಲ್ಲವೂ ಆ ಒಂದೇ ತಲೆಬರಹದಡಿ ಜಮೆಯಾಗುತ್ತವೆ.

ಕೆಲವು ವರ್ಷಗಳ ಹಿಂದೆ ನನ್ನ ಪತ್ನಿ ಸಂಜೆಯಾಗುತ್ತಲೇ ಒರಗಿಬಿಡುತ್ತಿದ್ದಳು. ಎರಡು ಮಹಡಿ ಹತ್ತಿದರೆ ಏದುಸಿರು. "ಸೋಮಾರಿಯಾಗಿಬಿಟ್ಟೆ" ಎಂದು ಅವಳೇ ನಕ್ಕಳು; ನಾನೂ ನಕ್ಕೆ. ಆರು ತಿಂಗಳ ಮೇಲೆ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 7 ಗ್ರಾಂ. ಇರಬೇಕಾದುದು ಕನಿಷ್ಠ 12. ಚಿಕಿತ್ಸೆಯಿಂದ ಚೇತರಿಸಿಕೊಂಡಳು. ಆದರೆ ಆ ನಗೆಗಾಗಿ ನಾನಿಂದಿಗೂ ನಾಚುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಥೈರಾಯ್ಡ್ ಕೊರತೆ, ಮಧುಮೇಹಗಳೂ ಆಲಸ್ಯದ ವೇಷದಲ್ಲೇ ಮನೆ ಹೊಗಬಹುದು.

ಊರಿನಲ್ಲಾಗಿದ್ದರೆ ಅತ್ತೆಯೋ ನೆರೆಯವರೋ ಮುಖ ಬಿಳಿಚಿಕೊಂಡುದನ್ನು ಗುರುತಿಸುತ್ತಿದ್ದರು. ಮಹಾನಗರದ ಫ್ಲಾಟಿನಲ್ಲಿ ಆ ಕಣ್ಣು ನಮ್ಮದೇ ಆಗಬೇಕು. ಮನೆಯವರು "ಸೋಮಾರಿತನ" ಎಂದಾಗ, ನಗುವ ಮುನ್ನ ಒಮ್ಮೆ ಲೆಕ್ಕ ಬಿಚ್ಚಿ ನೋಡೋಣ. ಅದು ಬರಿಯ ಆಲಸ್ಯವೇ ಆಗಿದ್ದರೆ ನಷ್ಟವೇನೂ ಇಲ್ಲ.