ಒಬ್ಬರ ಹೊಲದ ಮಣ್ಣು, ಇಪ್ಪತ್ತೈದು ಎಕರೆಗೆ ಜಾತಕ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಮಣ್ಣು ಪರೀಕ್ಷೆಯ ಕಾರ್ಡು ಎಲ್ಲಿರುತ್ತದೆ ಗೊತ್ತೇ? ದೇವರ ಫೋಟೊದ ಹಿಂದೆ, ಮಡಿಕೆ ಬಿಚ್ಚದೆ. ಬಿಚ್ಚಿ ಮಾಡುವುದಾದರೂ ಏನು? ಅದರಲ್ಲಿ ಹನ್ನೆರಡು ಅಂಕಿ. ಓದಿ ಹೇಳುವವರು ಬೇಕಲ್ಲ.

ಕಾರ್ಡಿನ ಯೋಜನೆ ಬಂದದ್ದು 2015ರಲ್ಲಿ. ಆಗಿನ ನಿಯಮದಂತೆ ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ. ಅಂದರೆ ಸುಮಾರು 25 ಎಕರೆ. ನಮ್ಮ ಕಡೆ ಅಷ್ಟರೊಳಗೇ ದಿಬ್ಬದ ಮೇಲೆ ಮಸಾರಿ (ಕೆಂಪು ಮಣ್ಣು), ತಗ್ಗಿನಲ್ಲಿ ಎರಿ (ಕಪ್ಪು ಮಣ್ಣು) ಇರಬಹುದು. ಪಕ್ಕದವನ ಮಣ್ಣು ನೋಡಿ ನನ್ನ ಹೊಲಕ್ಕೆ ಗೊಬ್ಬರ ಬರೆದರೆ, ಅಣ್ಣನ ರಕ್ತ ಪರೀಕ್ಷಿಸಿ ತಮ್ಮನಿಗೆ ಗುಳಿಗೆ ಕೊಟ್ಟಂತೆ.

ಮಲೆನಾಡಿನ ಸಂಕಟ ಬೇರೆ. ಅಲ್ಲಿ ಮಣ್ಣು ಹುಳಿ. ರಸಸಾರ 5.5ಕ್ಕಿಂತ ಇಳಿದರೆ ಮಣ್ಣೊಳಗಿನ ಅಲ್ಯೂಮಿನಿಯಂ ಕರಗಿ, ಬೇರಿನ ತುದಿಯನ್ನೇ ಮೊಟಕುಮಾಡುತ್ತದೆ. ಅಲಸಂದಿ, ಹುರುಳಿಯಂಥ ದ್ವಿದಳ ಮೇವಿನ ಬೇರಿಗೆ ಗಂಟು ಕಟ್ಟುವುದಿಲ್ಲ, ರಂಜಕ, ಸುಣ್ಣದ ಸತ್ವ ಮೇಲೇರುವುದಿಲ್ಲ. ಆ ಹನ್ನೆರಡು ಅಂಕಿಗಳಲ್ಲಿ ಅಲ್ಯೂಮಿನಿಯಂ ಇಲ್ಲವೇ ಇಲ್ಲ!

ನಮ್ಮ ಎರಿ ಹೊಲ ಇದಕ್ಕೆ ತದ್ವಿರುದ್ಧ. ಇಲ್ಲಿ ಸುಣ್ಣವೇ ಹೆಚ್ಚು. ಹಾಕಿದ ರಂಜಕವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ, ಸತು ಮಣ್ಣಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಶೇಂಗಾದ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ನಿಂತಾಗ ರೈತ ಏನು ಮಾಡುತ್ತಾನೆ? ಯೂರಿಯಾ ಸಾಲದೆಂದು ಇನ್ನೊಂದು ಚೀಲ ಸುರಿಯುತ್ತಾನೆ. ಬೇಕಾದದ್ದು ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ಸಿಂಪರಣೆ. ಆ ಮಾತನ್ನು ಹೇಳಲು ಯಾರೂ ಹೊಲದ ಬದುವಿಗೆ ಬರಲಿಲ್ಲ.

ಕಾಳಿನ ಇಳುವರಿಯ ಲೆಕ್ಕ ಕೇಳುವವರುಂಟು, ಹೊಟ್ಟಿನ ಲೆಕ್ಕ ಯಾರು ಕೇಳುತ್ತಾರೆ? ಹೆಸರು, ಕಡ್ಲಿ, ಶೇಂಗಾ ಹೊಟ್ಟೇ ನಮ್ಮ ದನಕರಗಳ ಬೇಸಿಗೆಯ ಊಟ. ಸತ್ವವಿಲ್ಲದ ಹೊಲದ ಹೊಟ್ಟೂ ಬಣವಿಯಲ್ಲಿ ಎತ್ತರವಾಗಿಯೇ ಕಾಣುತ್ತದೆ. ರಂಜಕ ಸಾಲದ ಎಮ್ಮೆ ಗೋಡೆ ನೆಕ್ಕುತ್ತದೆ, ಹಗ್ಗ, ಅರಿವೆ ಅಗಿಯುತ್ತದೆ, ಹೊತ್ತಿಗೆ ಸರಿಯಾಗಿ ಬೆದೆಗೆ ಬರುವುದಿಲ್ಲ. “ಎಮ್ಮಿ ಗ್ವಾಡಿ ನೆಕ್ಕಾಕ ಹತ್ತೈತ್ರಿ” ಎಂದು ಮೊದಲು ಹೇಳುವವಳು ಸೆಗಣಿ ಬಾಚುವ ಹೆಣ್ಣುಮಗಳು. ಅವಳ ಮಾತು ಯಾವ ಕಾರ್ಡಿನಲ್ಲೂ ಬರೆದಿಲ್ಲ.

ಕೃಷಿ ಅಧಿಕಾರಿಗಳನ್ನು ಕೇಳಿದರೆ “ನೋಡೋಣು”. ಮತ್ತೆ ಕೇಳಿದರೆ “ಮೇಲೆ ಕಳಿಸೇವಿ”. ಆಮೇಲೆ ಸದ್ದೇ ಇಲ್ಲ. ಬೈದರೂ ತಡೆದುಕೊಂಡೇವು, ಈ ಮೌನ ಮಾತ್ರ ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲವೆನ್ನುತ್ತದೆ.

ನಾವು ಹೊಸ ಯೋಜನೆ ಬೇಡುತ್ತಿಲ್ಲ. ಹೊಲಹೊಲದ ಮಣ್ಣು ತೆಗೆಯಿರಿ. ಮುಂಗಾರು ಬಿತ್ತನೆಗೆ ಮೊದಲೇ ಫಲಿತಾಂಶ ಕೊಡಿ. ಊರ ಕಟ್ಟೆಯ ಮೇಲೆ ಕೂತು ನಮ್ಮ ಮಾತಿನಲ್ಲಿ ಓದಿ ಹೇಳಿ. ಮೇವಿನ ಸತ್ವವನ್ನೂ ಪರೀಕ್ಷಿಸಿ.

ಓದುಗರೇ, ದೇವರ ಫೋಟೊದ ಹಿಂದಿನ ಕಾರ್ಡನ್ನು ಇವತ್ತೇ ಹೊರಗೆ ತೆಗೆಯಿರಿ. ಮುಂದಿನ ಗ್ರಾಮಸಭೆಗೆ ಅದನ್ನು ಒಯ್ದು, ಒಂದೊಂದು ಅಂಕಿಯ ಅರ್ಥವನ್ನೂ ಬರವಣಿಗೆಯಲ್ಲಿ ಕೇಳಿ.

ಇಂತಿ,
ಎರಿ ಹೊಲದ ಒಬ್ಬ ರೈತ