ನೀರಿಗಿಳಿಯುವ ಮುನ್ನ ಗಾಡಿಯ ಕೆಳಗೊಮ್ಮೆ ನೋಡಿ

ಮಳೆಗಾಲ ಬಂತೆಂದರೆ ನಮ್ಮ ಮೊಬೈಲ್‌ಗಳ ತುಂಬ ಒಂದೇ ಬಗೆಯ ರೀಲ್ಸ್. ತುಂಬಿದ ಹಳ್ಳ, ನೀರು ಚಿಮ್ಮಿಸುತ್ತ ನುಗ್ಗುವ ಪಿಕಪ್, ಜೊತೆಗೊಂದು ಅಬ್ಬರದ ಹಾಡು. ಗಾಡಿ ಆಚೆ ದಡ ಸೇರಿದರೆ ವಿಡಿಯೊ ಮುಗಿಯಿತು. ಆಮೇಲೆ ಆ ಗಾಡಿಗೆ ಏನಾಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ.

ನನಗೆ ಅದು ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಪದವಿ ಮುಗಿಸಿ ಕೆಲಸ ಹುಡುಕುತ್ತಲೇ ಬಾಡಗಂಡಿ ಸುತ್ತಮುತ್ತ ಅಣ್ಣನ ಪಿಕಪ್ ಓಡಿಸುತ್ತಿದ್ದೇನೆ. ಕಬ್ಬಿನ ಬೀಜ, ಗೊಬ್ಬರ ಹೇರಿಕೊಂಡು ಹೊಲದ ದಾರಿ ಹಿಡಿದರೆ ಹಳ್ಳ ದಾಟಲೇಬೇಕು. ಹೋದ ವರ್ಷ ಮೊಣಕಾಲುದ್ದ ನೀರನ್ನು ಒಂದೇ ದಿನ ನಾಲ್ಕು ಸಲ ದಾಟಿದೆ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಆದರೆ ಕೆಲವು ವಾರಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಮೇಸ್ತ್ರಿ ಕಾಕಾ ಕೆಳಗಿನ ಬೋಲ್ಟ್ ಬಿಚ್ಚಿದರೆ ಗೇರ್ ಆಯಿಲ್ ಬದಲು ಹಾಲು ಹಾಕಿದ ಚಹಾದಂಥದ್ದು ಸುರಿಯಿತು. ಬೇರಿಂಗ್ ಹೋಗಿತ್ತು, ಕ್ರೌನ್ ಸವೆದಿತ್ತು. ಎರಡು ಕಂತಿನ ಹಣ ಅದಕ್ಕೇ ಹೋಯಿತು.

“ಎಂಜಿನ್ ಅಷ್ಟ ಅಲ್ಲೋ ತಮ್ಮಾ, ಹೌಸಿಂಗೂ ಉಸಿರಾಡತೈತಿ” ಎಂದರು ಕಾಕಾ.

ಮಾತು ನಿಜ. ಓಡಿ ಬಂದ ಗಾಡಿಯ ಆಕ್ಸಲ್ ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸವೆದ ಸೀಲ್ ಮೂಲಕ ನೀರನ್ನು ಒಳಗೆಳೆಯುತ್ತದೆ. ಪಿಯುಸಿಯಲ್ಲಿ ಓದಿ ಅಂಕ ಪಡೆದ ಪಾಠವೇ ಇದು. ಗಾಡಿಯ ಕೆಳಗೆ ಅದು ನಡೆಯುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಇದಕ್ಕೆ ಸಿದ್ಧತೆ ದುಬಾರಿಯೇನಲ್ಲ. ಬ್ರೀದರ್‌ಗೆ ರಬ್ಬರ್ ಪೈಪ್ ಜೋಡಿಸಿ, ಅದರ ತುದಿಯನ್ನು ಚಾಸಿಗಿಂತ ಎತ್ತರಕ್ಕೆ ಕಟ್ಟಬೇಕು. ಆಯಿಲ್ ಸೀಲ್ ಜಿನುಗುತ್ತಿದ್ದರೆ ಮಳೆಗಾಲಕ್ಕೆ ಮುನ್ನವೇ ಬದಲಿಸಬೇಕು. ನೀರಿಗಿಳಿಯುವ ಮುನ್ನ ಸ್ವಲ್ಪ ಹೊತ್ತು ನಿಲ್ಲಿಸಿ ಆಕ್ಸಲ್ ಆರಲು ಬಿಡಬೇಕು. ನೀರಿನಲ್ಲಿ ಒಂದನೇ ಗೇರ್‌ನಲ್ಲಿ ನಿಧಾನವಾಗಿ ಹೋಗಬೇಕು, ಕ್ಲಚ್ ಒತ್ತುತ್ತಿರಬಾರದು. ಒಳಗೆ ನೀರು ಸೇರಿದರೆ ಕ್ಲಚ್ ಜಾರುತ್ತದೆ. ನಡುನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಾಟಿದ ಮೇಲೆ ಬ್ರೇಕ್ ಒತ್ತಿ ಒಣಗಿಸಬೇಕು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್‌ಗೆ ಗ್ರೀಸ್ ತುಂಬಬೇಕು, ಗೇರ್ ಆಯಿಲ್ ಬಣ್ಣ ನೋಡಬೇಕು.

ಆದರೆ ಇಷ್ಟೆಲ್ಲ ಮಾಡಿದ ಗಾಡಿಯೂ ಹೊಲದ ಹಳ್ಳಕ್ಕೆ ಮಾತ್ರ. ಘಟಪ್ರಭೆ ಉಕ್ಕಿದಾಗ ಮುಧೋಳ–ಯಾದವಾಡ ಸೇತುವೆ ಮುಳುಗುವುದನ್ನು ನಾವು ಕಂಡಿದ್ದೇವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ತೀರದ ಊರುಗಳು ಪಟ್ಟ ಪಾಡನ್ನೂ ಮರೆತಿಲ್ಲ. ಹರಿಯುವ ನೀರು ಎರಡು ಅಡಿ ಇದ್ದರೂ ಪಿಕಪ್ ಅನ್ನು ತೇಲಿಸಿಕೊಂಡು ಹೋಗಬಲ್ಲದು. ಟಯರ್ ನೆಲ ಬಿಟ್ಟ ಮೇಲೆ ಯಾವ ಗೇರ್ ಇದ್ದರೇನು? ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿಂದ ಕಾಣುವುದೂ ಇಲ್ಲ. ಅಲ್ಲಿ ಗಾಡಿ ತಿರುಗಿಸಿ ಸುತ್ತಿ ಬರುವವನನ್ನು ಪುಕ್ಕಲನೆಂದು ಗೇಲಿ ಮಾಡುವ ಚಾಳಿಯನ್ನು ನಾವು ಗೆಳೆಯರೇ ಬಿಡಬೇಕು.

ನೌಕರಿ ಸಿಗುವವರೆಗೆ ನಮ್ಮಲ್ಲಿ ಎಷ್ಟೋ ಜನಕ್ಕೆ ಸಾಲದ ಗಾಡಿಯೇ ಅನ್ನ. ಐಟಿಐ ಓದುವ ಗೆಳೆಯರೇ, ಈ ಮಳೆಗಾಲದಲ್ಲಿ ಒಂದು ರೀಲ್ಸ್ ನೀವೂ ಮಾಡಿ: ಬ್ರೀದರ್ ಪೈಪ್ ಎಲ್ಲಿರುತ್ತದೆ, ಹೇಗೆ ಕಟ್ಟಬೇಕು ಎಂದು ತೋರಿಸಿ. ಲೈಕ್ ಕಡಿಮೆ ಬರಬಹುದು, ಆದರೆ ಒಬ್ಬನ ಕಂತಾದರೂ ಉಳಿದೀತು.